ಹೋರ್ಮುಜ್‌ನಿಂದ ಭಟ್ಕಳಕ್ಕೆ ಇಪ್ಪತ್ತು ಕುದುರೆ

ದಾಳ ಉರುಳಿಸಿ ಆಡುವ ರೋಲ್‌ಪ್ಲೇಯಿಂಗ್ ಆಟದಲ್ಲಿ ಕಡಲಯಾನದ ಕಥೆ ಹೂಡುವವರು ಸಾಮಾನ್ಯವಾಗಿ ಮೊದಲು ಹುಡುಕುವುದು ಫಿರಂಗಿಗಳ ಲೆಕ್ಕವನ್ನು. ಅದನ್ನು ಬದಿಗಿಟ್ಟು ಕುಡಿಯುವ ನೀರಿನಿಂದ ಶುರು ಮಾಡಿ ನೋಡಿ, ಹಡಗು ಬೇಗ ಕೈಗೆ ಸಿಗುತ್ತದೆ. ಒಂದೇ ಹಡಗಿಗೆ ಇಡೀ ಭಾನುವಾರ ಕೊಟ್ಟು ನಾವು ಕೂತದ್ದು ವಿಜಯನಗರದ ದೊರೆ ಸಾಳುವ ನರಸಿಂಹನ ಕಾಲದ, ಅಂದರೆ 1485ರಿಂದ 1491ರ ನಡುವಿನ ಕುದುರೆ ವ್ಯಾಪಾರದ ಮೇಲೆ. ಪೋರ್ಚುಗೀಸರು ಇನ್ನೂ ಬಂದಿಲ್ಲ, ಹಾಗಾಗಿ ಫಿರಂಗಿಯ ಗೊಡವೆಯೂ ಇಲ್ಲ.

ಪರ್ಷಿಯನ್ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಿಂದ ಭಟ್ಕಳಕ್ಕೆ ಹೆಚ್ಚುಕಡಿಮೆ 1,300 ನಾಟಿಕಲ್ ಮೈಲಿ. ಭಾರ ಹೊತ್ತ ಹಾಯಿಹಡಗಿಗೆ ಸರಾಸರಿ 3 ನಾಟ್, ಅಂದರೆ ಗಂಟೆಗೆ 3 ನಾಟಿಕಲ್ ಮೈಲಿ ವೇಗ ಹಿಡಿದರೆ ದಿನಕ್ಕೆ 72 ಮೈಲಿ, ಒಟ್ಟು 18 ದಿನ. ಗಾಳಿ ಕೈಕೊಟ್ಟರೆ ಎಂದು ಇನ್ನೂ 6 ದಿನ ಸೇರಿಸಿ 24 ದಿನಕ್ಕೆ ಸಾಮಾನು ತುಂಬಬೇಕು. ಕುದುರೆಯೊಂದಕ್ಕೆ ದಿನಕ್ಕೆ 30 ಲೀಟರ್ ನೀರು, ಆಳಿಗೆ 4 ಲೀಟರ್. 20 ಕುದುರೆ, 25 ಜನ ಎಂದರೆ ದಿನಕ್ಕೆ 700 ಲೀಟರ್. 24 ದಿನಕ್ಕೆ 16,800. ಹತ್ತಿರಹತ್ತಿರ 17 ಟನ್ ಬರೀ ನೀರು! ಒಣಮೇವು ದಿನಕ್ಕೆ 8 ಕಿಲೋದಂತೆ 3,840 ಕಿಲೋ. ಕುದುರೆಗಳದ್ದೇ ತೂಕ ಸುಮಾರು 8 ಟನ್. ಸಾಗಿಸುವ ಮಾಲಿಗಿಂತ ಅದನ್ನು ಬದುಕಿಸುವ ನೀರೇ ಎರಡು ಪಟ್ಟು ಭಾರ. ಈ ಲೆಕ್ಕ ಮುಗಿಯುವಷ್ಟರಲ್ಲಿ ಕಥೆಗೆ ಬೇಕಾದ ಸಂಕಟವೆಲ್ಲ ಸಿಕ್ಕಿರುತ್ತದೆ. ನೀರಿನ ತೊಟ್ಟಿಯೊಂದು ಸೀಳಿದರೆ ಯಾರ ಪಾಲು ಕಡಿಯುವುದು? ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಣಮೇವು ತಿಂದು ನೀರು ಸಾಲದಿದ್ದರೆ ಕರುಳು ಕಟ್ಟಿಕೊಂಡು ಹೊಟ್ಟೆನೋವಿನಿಂದಲೇ ಸಾಯಬಹುದು.

ಇಷ್ಟನ್ನೆಲ್ಲ ಹೊರುವ ಹಡಗಿನ ಅಳತೆಗೆ ಒಮಾನಿನಲ್ಲಿ ಹಳೆಯ ಕ್ರಮದಲ್ಲಿ ಹೊಲಿದು ಕಟ್ಟಿ, 2010ರಲ್ಲಿ ಸಿಂಗಪುರದವರೆಗೆ ನಡೆಸಿದ 'ಜ್ಯುವೆಲ್ ಆಫ್ ಮಸ್ಕತ್' ಒಳ್ಳೆಯ ಆಧಾರ. ಉದ್ದ 18 ಮೀಟರ್, ಅಗಲ ಆರೂವರೆ. ಕುದುರೆಗೆ ಮುಕ್ಕಾಲು ಮೀಟರ್ ಅಗಲ, ಎರಡೂವರೆ ಮೀಟರ್ ಉದ್ದದ ಜಾಗ ಬಿಟ್ಟರೆ ಹತ್ತರ ಎರಡು ಸಾಲು ನಡುಭಾಗದಲ್ಲಿ ಇಕ್ಕಟ್ಟಾಗಿ ಹಿಡಿಯುತ್ತವೆ. ಮಾಲನ್ನು ತೊಗಲಿನಿಂದ ಮುಚ್ಚಿ ಅದರ ಮೇಲೆ ಕುದುರೆ ನಿಲ್ಲಿಸುತ್ತಿದ್ದರೆಂದು ಮಾರ್ಕೊ ಪೋಲೊ ಹೇಳುತ್ತಾನೆ. ಅಂದರೆ 8 ಟನ್ ಭಾರ ಮೇಲುಗಡೆ ನಿಂತಿದೆ, ಅದೂ ಹೆದರಿದರೆ ಒದ್ದಾಡುವ ಭಾರ. ಅದಕ್ಕೆ ತಕ್ಕಂತೆ ಕೆಳಗೆ ಖರ್ಜೂರದ ಮೂಟೆ, ನೀರಿನ ತೊಟ್ಟಿ ಇರಲೇಬೇಕು. ದಿನ ಕಳೆದಂತೆ ನೀರು ಖಾಲಿಯಾಗಿ ತಳ ಹಗುರಾಗುತ್ತದೆ, ಹಡಗು ಹೆಚ್ಚು ವಾಲತೊಡಗುತ್ತದೆ. ಖಾಲಿಯಾದ ತೊಟ್ಟಿಗೆ ಸಮುದ್ರದ ನೀರು ತುಂಬಿಸಿದರೆ ಸಮತೋಲ ಉಳಿಯುತ್ತದೆ, ಆದರೆ ಆ ತೊಟ್ಟಿ ಮತ್ತೆ ಕುಡಿಯುವ ನೀರಿಗೆ ಬಾರದು. ಈ ಆಯ್ಕೆಯನ್ನು ಆಟಗಾರರ ಮುಂದಿಟ್ಟು ಸುಮ್ಮನಿರಿ.

ಹೊಲಿಗೆಯನ್ನು ಹತ್ತಿರದಿಂದ ನೋಡಬೇಕು. ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಸಂದಿಯ ಗುಂಟ ತೆಂಗಿನ ನಾರಿನ ಮೆತ್ತೆ ಇಟ್ಟು, ತೂತಿನಿಂದ ತೂತಿಗೆ ಕತ್ತದ ಹುರಿ ಎಳೆದು ಬಿಗಿಯುತ್ತಾರೆ; ಒಳಗಿನ ಪಕ್ಕೆಮರಗಳನ್ನು ಕೂರಿಸುವುದು ಆಮೇಲೆ. ಕಬ್ಬಿಣದ ಮೊಳೆಯಿಲ್ಲದ ಈ ಒಡಲು ಮರಳಿಗೆ ತಾಗಿದರೆ ಬಾಗಿ ತಡೆದುಕೊಳ್ಳುತ್ತದೆ. ತೊಂದರೆ ಬೇರೆ ಕಡೆ. ದಡದಲ್ಲಿ ಬಿಸಿಲಿಗೆ ಒಣಗಿದ ಮೇಲಿನ ಹಲಗೆ ಕುಗ್ಗಿರುತ್ತದೆ. ಭಾರ ತುಂಬಿ ಹಡಗು ಆಳಕ್ಕೆ ಕೂತಾಗ ಆ ಸಂದಿಗಳಿಂದಲೇ ನೀರು ನುಗ್ಗುತ್ತದೆ. ಮರ ಉಬ್ಬಿದ ಮೇಲೆ ಸೋರಿಕೆ ತಗ್ಗುತ್ತದೆ. ಹಾಗಾಗಿ ಆಟದಲ್ಲಿ ಮೊದಲ ಎರಡು ದಿನ ನೀರು ಮೊಗೆಯಲು ಆರು ಜನ, ಆಮೇಲೆ ಇಬ್ಬರು. ಬಿರುಗಾಳಿ ಎದ್ದರೆ ಮತ್ತೆ ಆರು. ಹಲಗೆಗೆ ಮೀನೆಣ್ಣೆ, ತಳಕ್ಕೆ ಸುಣ್ಣ–ಕೊಬ್ಬಿನ ಲೇಪ ಬಿದ್ದಿಲ್ಲದಿದ್ದರೆ ಮರ ಕೊರೆಯುವ ಹುಳುವಿಗೆ ಹಬ್ಬ.

ಅಜಂತಾದ ಚಿತ್ರವೊಂದನ್ನು ಆಧರಿಸಿ ಹೊಲಿದ 'ಕೌಂಡಿನ್ಯ' ಹಡಗು 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದರ ಹೊಲಿಗೆಯ ಫೋಟೊಗಳು ಈ ಕೆಲಸಕ್ಕೆ ಬಹಳ ಉಪಯುಕ್ತ. ಆದರೆ ಅದರ ಚೌಕ ಹಾಯಿಯನ್ನೂ ಪಕ್ಕದ ಚುಕ್ಕಾಣಿ ಹುಟ್ಟನ್ನೂ ಹದಿನೈದನೇ ಶತಮಾನಕ್ಕೆ ಎತ್ತಿ ತರಬೇಡಿ. ಆ ಚಿತ್ರ ಸಾವಿರ ವರ್ಷ ಹಿಂದಿನದು. ಅರಬ್ ಚಿತ್ರಕಾರ ಅಲ್-ವಾಸಿತಿ 1237ರಲ್ಲಿ ಬರೆದ ಹಡಗಿನ ಚಿತ್ರದಲ್ಲಿ ಆಗಲೇ ಹಿಂಬದಿಯ ಚುಕ್ಕಾಣಿ ಇದೆ.

ನಮ್ಮ ಕುದುರೆ ಹಡಗಿನ ಹಾಯಿ ಓರೆಯದು. ದಿಕ್ಕು ಬದಲಿಸಲು ಗಾಳಿಗೆ ಬೆನ್ನು ಕೊಟ್ಟು ಸುತ್ತಿ, ಹಾಯಿ ಕಟ್ಟಿದ ಉದ್ದನೆಯ ಓರೆಮರವನ್ನು ಕೂವೆಮರದ ಆಚೆಗೆ ಸಾಗಿಸಬೇಕು. ಎಲ್ಲ ಆಳೂ ಅದಕ್ಕೇ ಬೇಕು, ಪ್ರತಿ ತಿರುವಿಗೂ ಗಳಿಸಿದ ದೂರ ಕೈಬಿಡುತ್ತದೆ. ಕಡಲ್ಗಳ್ಳರು ಬೆನ್ನು ಹತ್ತಿದಾಗ ತಿರುವಿಗೆ ಒಂದು ಮೈಲಿ ನಷ್ಟ ಎಂಬ ನಿಯಮ ಸಾಕು.

ಅರಬ್ ನಾವಿಕರು ದಿನವನ್ನು ಮೂರು ಗಂಟೆಯ ಎಂಟು 'ಜಾಮ್'ಗಳಾಗಿ ಎಣಿಸುತ್ತಿದ್ದರು, ಆಟದ ಸರದಿಗೆ ಹೇಳಿ ಮಾಡಿಸಿದಂತಿದೆ. ನಡುಗಡಲಲ್ಲಿ ಮಾತ್ರ ಜಾಮ್‌ಗೊಂದು ದಾಳ ಬೇಡ, 18 ದಿನಕ್ಕೆ 144 ಸಲ ಉರುಳಿಸಿದರೆ ಯಾರಿಗಾದರೂ ಸಾಕಾಗುತ್ತದೆ. ಅಲ್ಲಿ ದಿನಕ್ಕೊಂದು; ಬೆನ್ನಟ್ಟುವಾಗ, ದಡ ಹತ್ತಿರ ಬಂದಾಗ ಜಾಮ್ ಲೆಕ್ಕ.

ತಿಂಗಳು ತಪ್ಪಬಾರದು. ಜೂನ್‌ನಿಂದ ಆಗಸ್ಟ್‌ವರೆಗೆ ಕರಾವಳಿಯ ಬಂದರುಗಳು ಮುಚ್ಚಿದಂತೆಯೇ. 1442ರಲ್ಲಿ ಹೋರ್ಮುಜ್‌ನಿಂದ ಹೊರಟ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಗಾಳಿಯ ಕಾಲ ಮೀರಿದ್ದರಿಂದ ಒಮಾನಿನಲ್ಲೇ ತಿಂಗಳುಗಟ್ಟಲೆ ಬಿಸಿಲಲ್ಲಿ ಬೇಯಬೇಕಾಯಿತು.

ದಡ ಸೇರುವುದು ನಕ್ಷತ್ರದ ಎತ್ತರ ಅಳೆದು. ಅಳತೆಯ ಒಂದು 'ಬೆರಳು' ಸುಮಾರು 1.6 ಡಿಗ್ರಿ. ಅರ್ಧ ಬೆರಳು ತಪ್ಪಿದರೂ 48 ಮೈಲಿ ಆಚೀಚೆ. ಭಟ್ಕಳಕ್ಕೆ ಹೊರಟವರು ಕಾರವಾರದಿಂದ ಮೂಲ್ಕಿವರೆಗೆ ಎಲ್ಲಿ ಬೇಕಾದರೂ ತಲುಪಿಯಾರು. ನೇತ್ರಾಣಿ ದ್ವೀಪ ಕಂಡಿತೋ, ದಾರಿ ಸರಿ.

ಸತ್ತ ಕುದುರೆಯ ಬಾಲವನ್ನು ಮರೆಯಬೇಡಿ. ನರಸಿಂಹ ಕುದುರೆಗಳನ್ನು ಮೂರಕ್ಕೆ ಸಾವಿರ ಪರದಾವಿನಂತೆ (ಪರದಾವು ಆಗಿನ ಚಿನ್ನದ ನಾಣ್ಯ) ಕೊಳ್ಳುತ್ತಿದ್ದ, ಕಡಲಲ್ಲಿ ಸತ್ತವುಗಳ ಬಾಲ ತಂದು ತೋರಿಸಿದರೂ ಬದುಕಿದ್ದಂತೆಯೇ ಹಣ ಕೊಡುತ್ತಿದ್ದ ಎಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಆದ್ದರಿಂದ ಹಡಗಿನ ಚೀಟಿಯಲ್ಲಿ ನೀರಿಗೆ 24 ಚೌಕ, ಸೋರಿಕೆಗೆ 6, ಬದುಕಿದ ಕುದುರೆಗೆ 20, ಪಕ್ಕದಲ್ಲಿ ಬಾಲಗಳಿಗೆ ಪ್ರತ್ಯೇಕ ಸಾಲು ಬರೆಯಿರಿ. ಬದುಕಿರುವ ಕುದುರೆಯ ಬಾಲವನ್ನೇ ಕತ್ತರಿಸಿಟ್ಟು, ಕುದುರೆಯನ್ನು ಹೊನ್ನಾವರದಲ್ಲಿ ಇನ್ನೊಬ್ಬರಿಗೆ ಮಾರುವ ಯೋಚನೆ ಯಾರಾದರೊಬ್ಬ ಆಟಗಾರನಿಗೆ ಬಂದೇ ಬರುತ್ತದೆ. ಬಂದರಿನ ಸುಂಕದವನು ಕುದುರೆಗಳನ್ನು ಎಣಿಸುವ ದೃಶ್ಯವನ್ನು ಮೊದಲೇ ಬರೆದಿಟ್ಟುಕೊಂಡಿರಿ.