ದಾವೀದ ಜನರನ್ನು ಎಣಿಸಿದರೆ ತಪ್ಪೇನು?

‘ಸುಮ್ನೆ ತಲೆ ಎಣಿಸಿದ್ದಕ್ಕೆ 70,000 ಜನ ಸಾಯಬೇಕಾ? ಯಹೂದಿಗಳ ದೇವರಿಗೆ ಲೆಕ್ಕ ಕಂಡರೆ ಆಗಲ್ವಾ?’

ನಾನು ಹೀಬ್ರೂ ಬೈಬಲ್ ಓದುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ. ಅದರಲ್ಲಿನ ಎರಡನೆಯ ಸಮುವೇಲ ಅನ್ನುವ ಪುಸ್ತಕದ 24ನೇ ಅಧ್ಯಾಯದ ಕಥೆ. ದಾವೀದ ರಾಜ ಜನರನ್ನು ಎಣಿಸಿ ಅನ್ನುತ್ತಾನೆ. ಸೇನಾಪತಿ ಯೋವಾಬ ಬೇಡ ಅನ್ನುತ್ತಾನೆ. ಆದರೂ ಎಣಿಕೆ ನಡೆಯುತ್ತದೆ, ಹಿಂದೆಯೇ ಪಿಡುಗು.

ಲೆಕ್ಕ ಕಂಡರೆ ಆಗಲ್ಲ ಅನ್ನೋದು ಸುಳ್ಳು. ಬೈಬಲ್‌ನ ಅರಣ್ಯಕಾಂಡ (ರಾಮಾಯಣದ್ದಲ್ಲ) ಶುರುವಾಗೋದೇ ಜನರನ್ನು ಎಣಿಸು ಅಂತ ದೇವರು ಅವರ ನಾಯಕ ಮೋಶೆಗೆ ಹೇಳುವುದರಿಂದ. ಯುದ್ಧಕ್ಕೆ ಹೋಗಬಲ್ಲ, 20 ದಾಟಿದ ಗಂಡಸರು 6,03,550. ಪ್ರೀತಿಪಾತ್ರರು ಅಂತಲೇ ದೇವರು ಮತ್ತೆ ಮತ್ತೆ ಎಣಿಸುತ್ತಾನೆ ಅಂತಾನೆ 11ನೇ ಶತಮಾನದ ರಾಶಿ. (ಜಾತಕದ ರಾಶಿ ಅಲ್ಲ ಮಾರಾಯ್ರೇ, ಬೈಬಲ್‌ಗೆ ವ್ಯಾಖ್ಯಾನ ಬರೆದ ಫ್ರಾನ್ಸಿನ ಯಹೂದಿ ಪಂಡಿತ.) ಅವನೇ ಇನ್ನೊಂದು ಕಡೆ, ಎಣಿಸಿದ್ದಕ್ಕೆ ದೃಷ್ಟಿ ತಾಗುತ್ತದೆ ಅಂತಲೂ ಬರೆಯುತ್ತಾನೆ.

ಒಂದು ಮದುವೆ ಊಟದಲ್ಲಿ ದೊಡ್ಡಪ್ಪ ಹಿಡಿದುಕೊಂಡರು. ‘ಮೂಢನಂಬಿಕೆ ಅಲ್ವೇನಯ್ಯಾ ಇದು?’ ಆಗ ಅಡುಗೆಯವರ ಕಡೆಯ ಹುಡುಗ ಪಂಕ್ತಿಯಲ್ಲಿ ಲೆಕ್ಕ ಹಾಕುತ್ತಾ ಬಂದ.

‘ದೊಡ್ಡಪ್ಪ, ಅವನು ನಿಮ್ಮನ್ನು ಎಣಿಸಿದನಾ?’

‘ನನ್ನನ್ನು ಯಾಕೆ ಎಣಿಸ್ತಾನೆ? ಎಲೆ ಎಣಿಸ್ತಾನೆ.’

‘ಮೋಶೆ ಮಾಡಿದ್ದೂ ಅದೇ.’

ಅವರು ಒಪ್ಪಲಿಲ್ಲ. ಮಜ್ಜಿಗೆ ಬರುವವರೆಗೂ ವಾದ.

ಬೈಬಲ್‌ನದೇ ಇನ್ನೊಂದು ಪುಸ್ತಕ ವಿಮೋಚನಕಾಂಡದ 30ನೇ ಅಧ್ಯಾಯದ ನಿಯಮ ನೋಡಿ. ಎಣಿಕೆಗೆ ಬಂದವನು ಅರ್ಧ ಶೆಕೆಲ್ (ಆಗಿನ ಒಂದು ತೂಕ) ಬೆಳ್ಳಿ ಕೊಡಬೇಕು. ಶ್ರೀಮಂತ ಜಾಸ್ತಿ ಕೊಡುವಂತಿಲ್ಲ, ಬಡವ ಕಮ್ಮಿ ಕೊಡುವಂತಿಲ್ಲ. ಎಣಿಸುವುದು ಬೆಳ್ಳಿಯನ್ನು. ಸೌಲ ರಾಜ ತನ್ನ ಸೈನ್ಯವನ್ನು ಕುರಿಮರಿಗಳ ಲೆಕ್ಕದಲ್ಲಿ ಎಣಿಸಿದ ಅನ್ನುತ್ತದೆ ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್. ಇವತ್ತಿಗೂ ಪ್ರಾರ್ಥನೆಗೆ ಹತ್ತು ಜನ ಸೇರಿದರಾ ಅಂತ ನೋಡಲು ಅನೇಕರು ಒಂದು, ಎರಡು ಅನ್ನುವುದಿಲ್ಲ. ಹತ್ತು ಪದಗಳ ಒಂದು ಕೀರ್ತನೆಯ ಸಾಲು ಹೇಳುತ್ತಾರೆ, ತಲೆಗೊಂದು ಪದ.

ಹಾಗಾದರೆ ದಾವೀದ? ಎಣಿಸುವ ಅಗತ್ಯವೇ ಇರಲಿಲ್ಲ, ಇಷ್ಟೊಂದು ಜನರನ್ನು ಆಳುತ್ತೇನೆ ಅಂತ ಖುಷಿಪಡಲು ಎಣಿಸಿದ ಅಂತಾನೆ 13ನೇ ಶತಮಾನದ ಯಹೂದಿ ಪಂಡಿತ ನಹ್ಮಾನಿಡೀಸ್. ಇದಕ್ಕೆ ಜನ ಯಾಕೆ ಸಾಯಬೇಕು ಅಂತ ನನ್ನ ಮೇಲೆ ಎಗರಬೇಡಿ. ಈ ಕುರಿಗಳು ಏನು ಮಾಡಿದವು ಅಂತ ಅದೇ ಅಧ್ಯಾಯದಲ್ಲಿ ದಾವೀದನೇ ದೇವರನ್ನು ಕೇಳುತ್ತಾನೆ.

ಇಷ್ಟೆಲ್ಲ ಕೇಳುವವರು ಒಬ್ಬರಾದರೂ ಆ ಬೆಳ್ಳಿ ಏನಾಯ್ತು ಅಂತ ಕೇಳಬಾರದಾ? ಲೆಕ್ಕ ವಿಮೋಚನಕಾಂಡದ 38ನೇ ಅಧ್ಯಾಯದಲ್ಲಿದೆ. 6,03,550 ಅರ್ಧಗಳು ಸೇರಿ 3,01,775 ಶೆಕೆಲ್. 3,000 ಶೆಕೆಲ್‌ಗೆ ಒಂದು ತಲಾಂತು, ಅಂದರೆ 100 ತಲಾಂತು. ದೇವರ ಗುಡಾರದ (ಆಗ ಪೂಜೆಗಿದ್ದ ಡೇರೆ) ಹಲಗೆ, ಕಂಬಗಳ ಕೆಳಗೆ ಇಡಲು ಅದರಿಂದ 100 ಪೀಠ ಎರಕ ಹೊಯ್ದರು. ಒಂದೊಂದು ಪೀಠಕ್ಕೆ 6,000 ಜನರ ಬೆಳ್ಳಿ. ಯಾರದ್ದು ಯಾವುದರಲ್ಲಿ ಅಂತ ಹೇಳುವ ಹಾಗೇ ಇಲ್ಲ. ಉಳಿದ 1,775 ಶೆಕೆಲ್ ಕಂಬಗಳ ಕೊಕ್ಕೆಗೆ ಹೋಯಿತು.

ಹೆಂಗಸರು ಈ ಎಣಿಕೆಯಲ್ಲೇ ಇಲ್ಲ. ಆದರೆ ಅದೇ ಅಧ್ಯಾಯದಲ್ಲಿ ಅವರ ಕನ್ನಡಿಗಳಿಂದ ನೀರಿನ ತೊಟ್ಟಿ ಮಾಡಿದ್ದು ಬರುತ್ತದೆ. ಮೋಶೆ ಆ ಕನ್ನಡಿ ಬೇಡ ಅಂದನಂತೆ, ದೇವರು ಎಲ್ಲಕ್ಕಿಂತ ಇವೇ ನನಗೆ ಇಷ್ಟ ಅಂದನಂತೆ. ಇದನ್ನು ಬರೆದವನೂ ಆ ರಾಶಿಯೇ. ದೊಡ್ಡಪ್ಪ ಇದನ್ನು ಕೇಳಿದ್ದರೆ ಮಜ್ಜಿಗೆ ಬಿಟ್ಟು ಹೇಳುತ್ತಿದ್ದೆ.