ಬಿಲ್ಡ್ ಆಯ್ತಲ್ಲೋ, ಇನ್ನೇನು ನಿಂದು?

"ಬಿಲ್ಡ್ ಆಯ್ತಲ್ಲೋ, ಇನ್ನೇನು ನಿಂದು?" ಈ ವಾರ ಪೂರ್ತಿ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದವನು ನನ್ನ ಪಕ್ಕದ ಸೀಟಿನ ಗೆಳೆಯ. ಒಳ್ಳೆಯವನು, ಕೆಲಸವೂ ಚೆನ್ನಾಗಿ ಗೊತ್ತು. ಆದರೆ ಪರದೆ ಮೇಲೆ ಎರರ್ ಅಂತ ಕಾಣದಿದ್ದರೆ ಅವನ ಪಾಲಿಗೆ ಎಲ್ಲ ಸರಿಯಿದೆ ಅಂತಲೇ ಲೆಕ್ಕ.

ಚಿತ್ರಗಳ ಗಾತ್ರ ಬದಲಿಸುವ ಹಳೇ ಓಪನ್ ಸೋರ್ಸ್ ಟೂಲ್ ಒಂದನ್ನು ಹೊಸ ಮ್ಯಾಕ್‌ನಲ್ಲಿ ಕಂಪೈಲ್ ಮಾಡುತ್ತಿದ್ದೆ, ಅಂದರೆ ಮೂಲ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟುತ್ತಿದ್ದೆ. ಬಿಲ್ಡ್ ಅಂದರೂ ಇದೇ. ಮ್ಯಾಕ್‌ಗೆ ಇಂಟೆಲ್ ಬದಲು ಆರ್ಮ್ ಬಗೆಯ ಎಂ1 ಚಿಪ್ ಬಂದದ್ದು 2020ರಲ್ಲಿ. ಈ ಟೂಲಿನ ರೀಡ್‌ಮಿ, ಅಂದರೆ ಸೂಚನೆಯ ಫೈಲ್, ಅದಕ್ಕಿಂತ ತುಂಬಾ ಹಳೇದು. ಕಾನ್ಫಿಗರ್ (ಮೆಷಿನ್‌ನಲ್ಲಿ ಏನೇನಿದೆ ಅಂತ ನೋಡುವ ಸ್ಕ್ರಿಪ್ಟ್), ಮೇಕ್ (ಕಟ್ಟುವುದು), ಮೇಕ್ ಇನ್‌ಸ್ಟಾಲ್ (ಜಾಗಕ್ಕೆ ಹಾಕುವುದು) ಅಂತ ಮೂರು ಸಾಲು ಬರೆದು ಕೈ ತೊಳೆದುಕೊಂಡಿದ್ದಾರೆ. ಮೂರೂ ಸಲೀಸಾಗಿ ಓಡಿದವು. ಟೂಲೂ ಓಡಿತು. ಬಿಎಂಪಿ ಫೈಲ್ ತೆರೆಯಿತು. ಪಿಎನ್‌ಜಿ ಕೊಟ್ಟರೆ ಮಾತ್ರ ಈ ಫಾರ್ಮ್ಯಾಟ್ ಗೊತ್ತಿಲ್ಲ ಅಂದುಬಿಟ್ಟಿತು.

ಕಾನ್ಫಿಗರ್ ಓಡುವಾಗ ಸಾಲು ಸಾಲಾಗಿ ಸರಸರ ಹೋಗುತ್ತವಲ್ಲ, ಅದರಲ್ಲಿ ಹುಡುಕಿದೆ. ಪಿಎನ್‌ಜಿ ಡಾಟ್ ಎಚ್ ಇದೆಯಾ? ಯೆಸ್. ಲಿಬ್‌ಪಿಎನ್‌ಜಿ ಇದೆಯಾ? ನೋ. ಒಂದರ ಕೆಳಗೆ ಒಂದು. ಪಿಎನ್‌ಜಿ ಓದುವ ಕೋಡ್‌ನ ವಿವರ ಬರೆದ ಹೆಡರ್ ಇದೆಯಂತೆ, ಆ ಕೋಡೇ ಇರುವ ಲೈಬ್ರರಿ ಇಲ್ಲವಂತೆ! ಮ್ಯಾಕ್‌ಗೆ ಸಾಫ್ಟ್‌ವೇರ್ ತಂದುಹಾಕುವ ಟೂಲ್ ಹೋಮ್‌ಬ್ರೂ ಹಾಕಿದ ಲೈಬ್ರರಿ /ಆಪ್ಟ್/ಹೋಮ್‌ಬ್ರೂ/ಲಿಬ್ ಒಳಗೆ ಕಣ್ಣೆದುರಿಗೇ ಇದೆ. ಆ ಜಾಗವನ್ನು ಕಂಪೈಲರ್ ತಾನಾಗಿ ಹುಡುಕಲ್ಲ ಅಂತ ಗೊತ್ತಿದ್ದೇ ಸಿಪಿಪಿಫ್ಲ್ಯಾಗ್ಸ್ (ಹೆಡರ್‌ಗೆ), ಎಲ್‌ಡಿಫ್ಲ್ಯಾಗ್ಸ್ (ಲೈಬ್ರರಿಗೆ) ಅನ್ನೋ ಎರಡು ಸೆಟ್ಟಿಂಗ್‌ಗಳಲ್ಲೂ ದಾರಿ ಕೊಟ್ಟಿದ್ದೆ. ಆದರೂ ನೋ. ಗೆಳೆಯನಿಗೆ ತೋರಿಸಿದೆ. ಆಗಲೇ ಅವನು ಆ ಮಾತು ಅಂದಿದ್ದು.

ಉತ್ತರ ಇದ್ದದ್ದು ಕಾನ್ಫಿಗರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಕಾನ್ಫಿಗ್ ಡಾಟ್ ಲಾಗ್‌ನಲ್ಲಿ. ಯಾಕೋ ಜನ ಈ ಫೈಲನ್ನು ತೆರೆಯುವುದೇ ಇಲ್ಲ. ಲೈಬ್ರರಿ ಇದೆಯಾ ಅಂತ ನೋಡಲು ಕಾನ್ಫಿಗರ್ ಒಂದು ಪುಟಾಣಿ ಸಿ ಪ್ರೋಗ್ರಾಂ ಬರೆದು ಅದನ್ನು ಲೈಬ್ರರಿಗೆ ಲಿಂಕ್ ಮಾಡಿ, ಅಂದರೆ ಜೋಡಿಸಿ, ನೋಡುತ್ತದೆ. ಲಿಂಕ್ ಆದರೆ ಯೆಸ್. ಆಗದಿದ್ದರೆ, ಕಾರಣ ಏನೇ ಇರಲಿ, ನೋ. ಆ ಕಾರಣ ಲಾಗ್‌ನಲ್ಲಿ ಮಾತ್ರ ಇರುತ್ತದೆ. ನನ್ನ ಲಾಗ್‌ನಲ್ಲಿ ಲಿಂಕರ್ ಸ್ಪಷ್ಟವಾಗಿ ಹೇಳಿತ್ತು: ಕಟ್ಟುತ್ತಿರುವುದು ಎಕ್ಸ್86-64ಕ್ಕೆ (ಇಂಟೆಲ್ ಬಗೆಯ ಚಿಪ್), ಈ ಲೈಬ್ರರಿ ಆರ್ಮ್64ದು, ಹಾಗಾಗಿ ಇದನ್ನು ಬಿಟ್ಟಿದ್ದೇನೆ. ಹೆಡರ್ ಬರೀ ಪಠ್ಯ, ಅದಕ್ಕೆ ಯಾವ ಚಿಪ್ ಆದರೂ ಒಂದೇ. ಅದಕ್ಕೇ ಮೇಲಿನ ಸಾಲಿಗೆ ಯೆಸ್.

ಆರ್ಮ್ ಮೆಷಿನ್‌ನಲ್ಲಿ ಎಕ್ಸ್86 ಎಲ್ಲಿಂದ ಬಂತು? ಹಳೇ ಇಂಟೆಲ್ ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಹೊಸದಕ್ಕೆ ಸಾಗಿಸಿದಾಗ ಟರ್ಮಿನಲ್ ಆ್ಯಪ್ ಕೂಡ ಇಂಟೆಲ್ ರೂಪದಲ್ಲೇ ಬಂದಿತ್ತು. ಅದು ಇಂಟೆಲ್ ಪ್ರೋಗ್ರಾಂಗಳನ್ನು ಆರ್ಮ್ ಮ್ಯಾಕ್‌ನಲ್ಲಿ ಓಡಿಸುವ ರೊಸೆಟ್ಟಾ ಅಡಿಯಲ್ಲಿ ಓಡುತ್ತಿತ್ತು. ಅದರೊಳಗೆ ಹುಟ್ಟಿದ ಶೆಲ್ (ನಾವು ಟೈಪ್ ಮಾಡಿದ ಆಜ್ಞೆ ಓಡಿಸುವ ಪ್ರೋಗ್ರಾಂ), ಆ ಶೆಲ್ ಕರೆದ ಕಂಪೈಲರ್, ಎಲ್ಲವೂ ತಾವಿರುವುದು ಇಂಟೆಲ್ ಮೇಲೆ ಅಂತಲೇ ನಡೆದುಕೊಳ್ಳುತ್ತವೆ. ಚಿಪ್ ಯಾವ ಬಗೆ ಅಂತ ಕೇಳುವ ಯುನೇಮ್ ಹೈಫನ್ ಎಂ ಆಜ್ಞೆ ಕೊಟ್ಟರೆ ಎಕ್ಸ್86-64 ಅಂತಲೇ ಉತ್ತರ. ಕಾನ್ಫಿಗ್ ಡಾಟ್ ಗೆಸ್ ಅನ್ನೋ ಸ್ಕ್ರಿಪ್ಟ್ ಪ್ಲಾಟ್‌ಫಾರ್ಮ್ ಊಹಿಸುವುದೂ ಯುನೇಮ್ ಮಾತು ಕೇಳಿಯೇ. ಆರ್ಮ್ ಶೆಲ್ ತೆರೆದು, ಹಳೇದೆಲ್ಲ ಅಳಿಸಿ ಮತ್ತೆ ಓಡಿಸಿದೆ. ಎರಡೂ ಸಾಲಿಗೆ ಯೆಸ್.

ಕಾನ್ಫಿಗರ್ ಅಂದರೆ ಮೂಗು ಮುರಿಯುವವರು ಜಾಸ್ತಿ. ನನಗೆ ಅದರ ಮೇಲೆ ಗೌರವವೇ ಇದೆ. ಡೇವಿಡ್ ಮೆಕೆಂಜಿ 1991ರಲ್ಲಿ ಕಾನ್ಫಿಗರ್ ಸ್ಕ್ರಿಪ್ಟ್ ಬರೆದುಕೊಡುವ ಆಟೊಕಾನ್ಫ್ ಶುರು ಮಾಡಿದಾಗ ಬಗೆಬಗೆಯ ಯುನಿಕ್ಸ್‌ಗಳಿದ್ದವು. ಇದು ಯಾವ ಸಿಸ್ಟಮ್ ಅಂತ ಹೆಸರು ಕೇಳಿ ಪಟ್ಟಿ ನೋಡುತ್ತಾ ಕೂತರೆ ಪಟ್ಟಿ ಹಳೇದಾಗುತ್ತಲೇ ಇರುತ್ತದೆ. ಅದರ ಬದಲು ಮಾಡಿಯೇ ನೋಡು, ಆಗುತ್ತಾ ಇಲ್ವಾ ಅಂತ. ಇಲ್ಲೂ ಅಷ್ಟೇ ಅಲ್ವಾ? ತಪ್ಪು ದಾರಿಗೆ ಎಳೆದದ್ದು ಹೆಸರು. ಮಾಡಿ ನೋಡಿದ ಪರೀಕ್ಷೆ ಸರಿಯಾಗೇ ಇತ್ತು. ಕಾರಣ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ನನಗೆ ಸಿಟ್ಟು ಬಂದಿದ್ದು ಟೂಲ್ ಬರೆದವರ ಮೇಲೆ. ಸಿಕ್ಕರೆ ಸೇರಿಸು, ಸಿಗದಿದ್ದರೆ ಸುಮ್ನೆ ಮುಂದೆ ಹೋಗು ಅಂತ ಬರೆದಿದ್ದಾರೆ. ಅದೂ ಒಪ್ಪಬಹುದು. ಆದರೆ ವಿತ್-ಪಿಎನ್‌ಜಿ ಅಂತ ನಾನೇ ಆಯ್ಕೆ ಕೊಟ್ಟು ಕೇಳಿದಾಗಲೂ ನೋ ಅಂತ ಬರೆದು ಮುಂದೆ ಹೋಗುವುದು ಯಾವ ನ್ಯಾಯ? ಇಂಥ ಬಿಲ್ಡ್ ಯಾರದೋ ಸರ್ವರ್ ಸೇರುತ್ತದೆ. ಮುಂದೊಂದು ದಿನ ಯಾರೋ ಪಿಎನ್‌ಜಿ ಹಾಕಿದಾಗ, ಇದನ್ನು ಕಟ್ಟಿದವನು ಕೆಲಸ ಬಿಟ್ಟು ಹೋಗಿರುತ್ತಾನೆ.

ಅದಕ್ಕೇ ಕೋಡ್ ತಿದ್ದುವ ಚಿಕ್ಕ ಪ್ಯಾಚ್ ಬರೆದು ಅವರಿಗೆ ಕಳಿಸಿದೆ. ಕೇಳಿದ್ದು ಸಿಗದಿದ್ದರೆ ಕಾನ್ಫಿಗರ್ ಅಲ್ಲೇ ನಿಲ್ಲಬೇಕು, ಲಾಗ್ ನೋಡಿ ಅಂತ ಹೇಳಬೇಕು.

ಗೆಳೆಯ ಅದನ್ನು ಓದಿ ಹುಬ್ಬೇರಿಸಿದ. "ಇದರಿಂದ ಎಷ್ಟು ಜನರ ಬಿಲ್ಡ್ ನಿಂತುಹೋಗುತ್ತೆ ಗೊತ್ತಾ?"

"ನಿಲ್ಲಲಿ ಬಿಡು," ಅಂದೆ.