ಚಾರಣ ಮುಗಿದ ಮೇಲಿನ ವಾರವೂ ನನ್ನ ಕೆಲಸವೇ

ಮಲೆನಾಡಿನ ಕಾಡುಗಳಲ್ಲಿ ಚಾರಣ ತಂಡಗಳನ್ನು ಕರೆದೊಯ್ಯುವುದು ನನ್ನ ಉದ್ಯೋಗ. ಬುಕ್ ಮಾಡುವ ಮೊದಲು ಬೆಂಗಳೂರಿನವರು ತಪ್ಪದೆ ಕೇಳುವುದು, "ಇಂಬಳ ಇರುತ್ತಾ ಸರ್?" ಇಂಬಳ ಅಂದರೆ ಕಾಡಿನ ಜಿಗಣೆ. ಅದು ಮಳೆಗಾಲದಲ್ಲಿ ಮಾತ್ರ ಅಂತ ಗೊತ್ತಾದರೆ ಬೇಸಿಗೆಗೆ ಚಡ್ಡಿ ಹಾಕಿಕೊಂಡು ನಿಶ್ಚಿಂತೆಯಿಂದ ಬರುತ್ತಾರೆ. ಇಂಬಳ ಕಚ್ಚಿದರೆ ರಕ್ತ ಸೋರುತ್ತೆ, ನಾಲ್ಕು ದಿನ ನವೆ ಇರುತ್ತೆ, ಅಷ್ಟೇ. ನನಗೆ ಹೆಚ್ಚು ಭಯ ಇರುವುದು ಇಂಬಳವಿಲ್ಲದ ಕಾಲದ ಬಗ್ಗೆ.

ಮಳೆ ನಿಂತು ಕಾಡು ಒಣಗಿದ ಮೇಲೆ, ಡಿಸೆಂಬರಿನಿಂದ ಮೇ ತಿಂಗಳವರೆಗೆ, ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಉಣುಗಿನ (ಉಣ್ಣೆಯ) ಮರಿಗಳು ತುಂಬಿರುತ್ತವೆ. ಮಂಗನ ಕಾಯಿಲೆಯ ವೈರಸ್ಸನ್ನು ಮನುಷ್ಯರಿಗೆ ಅಂಟಿಸುವುದು ಇವು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳಲ್ಲೂ ಜ್ವರ ಕಾಣಿಸಿಕೊಂಡಾಗ ಈ ರೋಗ ಪತ್ತೆಯಾಯಿತು. ಮಂಗವೂ ಇದರಲ್ಲಿ ನಮ್ಮಂತೆಯೇ ರೋಗಿ. ಅದು ಸತ್ತು ಬಿದ್ದಾಗ ಮೈಮೇಲಿದ್ದ ಉಣುಗೆಲ್ಲ ಇಳಿದು ಅಲ್ಲೇ ನೆಲದಲ್ಲಿ ಹರಡಿಕೊಳ್ಳುತ್ತದೆ. ಸತ್ತ ಮಂಗ ಕಂಡರೆ ಫೋಟೋ ತೆಗೆಯಲೂ ಯಾರನ್ನೂ ಹತ್ತಿರ ಬಿಡುವುದಿಲ್ಲ. ತಂಡವನ್ನು ವಾಪಸ್ ತಿರುಗಿಸಿ, ಅರಣ್ಯ ಸಿಬ್ಬಂದಿಗೋ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಫೋನ್ ಮಾಡುತ್ತೇನೆ.

ಒಮ್ಮೆ ಹುಡುಗಿಯೊಬ್ಬಳು ಮೊಣಕಾಲಿನ ಹಿಂಭಾಗ ತೋರಿಸಿ, "ಅಣ್ಣಾ, ಇಂಬಳದ ಮರಿ ಅನ್ಸುತ್ತೆ, ಉಪ್ಪು ಕೊಡಿ" ಅಂದಳು. ಟಾರ್ಚ್ ಬಿಟ್ಟು ನೋಡಿದರೆ ಎಳ್ಳಿಗಿಂತ ಸಣ್ಣ ಕಂದು ಚುಕ್ಕೆ, ಅದಕ್ಕೆ ಕಾಲುಗಳಿದ್ದವು, ಬಾಯಿ ಚರ್ಮದೊಳಗೆ ನೆಟ್ಟಿತ್ತು. ಇಂಬಳಕ್ಕೆ ಹಾಕುವ ಉಪ್ಪು, ಸುಣ್ಣ, ಹೊಗೆಸೊಪ್ಪನ್ನು ಉಣುಗಿಗೆ ಹಾಕಬಾರದು. ಬೆಂಕಿಕಡ್ಡಿಯೂ ಬೇಡ. ಸಣ್ಣ ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು, ತಿರುಚದೆ ನೇರವಾಗಿ ಎಳೆಯಬೇಕು. ಆಮೇಲೆ ಸೋಪು ಹಾಕಿ ತೊಳೆಯಬೇಕು. ಉಗುರಲ್ಲಿ ಹಿಸುಕುವ ಅಭ್ಯಾಸ ಬಹಳ ಜನರಿಗಿದೆ, ಅದನ್ನಂತೂ ಕೂಗಿಯೇ ತಡೆಯುತ್ತೇನೆ.

ತುಂಬು ತೋಳಿನ ಅಂಗಿ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಹಳ್ಳಿಗಳಲ್ಲಿ ಹಂಚುವ ಡೆಪಾ ಎಣ್ಣೆ, ಊಟಕ್ಕೆ ದರಗಿನ ಬದಲು ಬಂಡೆಯ ಮೇಲೆ ಕೂರುವುದು. ಇವೆಲ್ಲ ಚಾರಣದ ದಿನದ ಎಚ್ಚರಿಕೆ, ಕಲಿಸುವುದು ಸುಲಭ. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಬೇರೆ ಇದೆ. ಉಣುಗು ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ ಬರುತ್ತದೆ. ಅಷ್ಟರಲ್ಲಿ ಬಂದವರೆಲ್ಲ ಬೆಂಗಳೂರಿನ ಆಫೀಸಿನಲ್ಲಿರುತ್ತಾರೆ. ಇದ್ದಕ್ಕಿದ್ದಂತೆ ಜೋರು ಜ್ವರ, ಹಣೆ ಸಿಡಿಯುವಂಥ ತಲೆನೋವು, ಮೈಕೈ ನೋವು, ಕೆಂಪು ಕಣ್ಣು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಇಳಿದಿರುತ್ತದೆ. ನಗರದ ಡಾಕ್ಟರಿಗೆ ಮೊದಲು ಹೊಳೆಯುವುದು ಡೆಂಗಿ, ಅದು ಸಹಜವೇ. ರೋಗಿ ಬಾಯಿಬಿಟ್ಟು ಹೇಳದೆ ಹೋದರೆ ಅವರಿಗೆ ಕಾಡಿನ ವಿಷಯ ಗೊತ್ತಾಗುವುದಾದರೂ ಹೇಗೆ?

ಹೇಳುವುದರಿಂದ ಚಿಕಿತ್ಸೆಯೇ ಬದಲಾಗಬಹುದು. ಕಾಡಿನ ಚಿಗ್ಗರ್ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ಗೆ, ಹಳ್ಳದ ನೀರಿನಿಂದ ಬರುವ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಕೆಲಸ ಮಾಡುತ್ತದೆ. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ. ಬೇಗ ಆಸ್ಪತ್ರೆ ಸೇರಿ, ನೀರಿನಂಶ ಮತ್ತು ರಕ್ತಸ್ರಾವದ ಮೇಲೆ ಕಣ್ಣಿಟ್ಟರೆ ಹೆಚ್ಚಿನವರು ಉಳಿಯುತ್ತಾರೆ. ಆದರೂ ನೂರಕ್ಕೆ ಮೂರರಿಂದ ಐದು ಜನ ಸಾಯುವ ರೋಗ ಇದು. ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಮರುಕಳಿಸಿ ಮಿದುಳಿಗೂ ತಾಗುತ್ತದೆ.

ಅದಕ್ಕೇ ತಂಡದ ವಾಟ್ಸಾಪ್ ಗುಂಪನ್ನು ನಾನು ತಕ್ಷಣ ಮುಚ್ಚುವುದಿಲ್ಲ. ಫೋಟೋ ಹಂಚಿಕೆ ಮುಗಿದ ಮೇಲೂ ದಿನಬಿಟ್ಟು ದಿನ ಕೇಳುತ್ತೇನೆ, ಯಾರಿಗಾದರೂ ಜ್ವರವೇ? ಒಬ್ಬರು ಐದನೇ ದಿನ ಫೋನ್ ಮಾಡಿದರು. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನೀವಾಗಿ ನುಂಗಬೇಡಿ, ಡಾಕ್ಟರಿಗೆ ಊರು, ತಾರೀಖು, ಉಣುಗು ಕಚ್ಚಿದ್ದನ್ನು ಹೇಳಿ, ಕೆಎಫ್‌ಡಿ (ಮಂಗನ ಕಾಯಿಲೆ) ಪರೀಕ್ಷೆ ಬೇಕೇ ಅಂತ ಕೇಳಿ ಅಂದೆ. ಪರೀಕ್ಷೆಯಾಯಿತು, ಅದು ಡೆಂಗಿಯೇ ಅಂತ ಗೊತ್ತಾಯಿತು. ಅವರು ಕೇಳಿದ್ದು ವ್ಯರ್ಥ ಅಂತ ನನಗನ್ನಿಸಲಿಲ್ಲ.

ಈಗ ಅದೇ ಪ್ರಶ್ನೆಯನ್ನು ಹೋಂಸ್ಟೇ ಅಡುಗೆಯವರಿಗೆ, ಜೀಪ್ ಓಡಿಸುವವರಿಗೆ, ನಮಗೆ ದಾರಿ ತೋರಿಸುವ ಹಳ್ಳಿಯ ಹುಡುಗರಿಗೂ ಕೇಳುತ್ತೇನೆ. ನಾವು ವಾರಾಂತ್ಯಕ್ಕೆ ಹೋಗಿಬರುವ ಕಾಡಿಗೆ ಅವರು ದರಗಿಗೆ, ಸೌದೆಗೆ ದಿನಾ ಹೋಗುತ್ತಾರೆ. ಮಂಗನ ಕಾಯಿಲೆಯ ಹಳೆಯ ಲಸಿಕೆ ಕೊಡುವುದೂ ನಿಂತಿದೆ. ತಂಡದ ಖರ್ಚಿನ ಲೆಕ್ಕದಲ್ಲಿ ಅವರ ಎಣ್ಣೆ, ಕಾಲುಚೀಲ, ಚಿಮಟವನ್ನೂ ಸೇರಿಸಿ ಎಂದು ಈ ವೃತ್ತಿಯಲ್ಲಿರುವ ಎಲ್ಲರನ್ನೂ ಕೇಳಿಕೊಳ್ಳುತ್ತೇನೆ.